ರೆಡ್‌ಮೈನ್‌ನಲ್ಲಿ ಕೆಲಸ ಮಾಡಿದವರೇ ಟಿಕೆಟ್ ಕ್ಲೋಸ್ ಮಾಡದಂತೆ ತಡೆಯುವುದು ಹೇಗೆ?

ಪೇಡಾನಗರಿ
ಎಲ್ಲರಿಗೂ ನಮಸ್ಕಾರ. ನಮ್ಮದು ಧಾರವಾಡದ ಸಣ್ಣ ತಂಡ, 11 ಜನ. ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಒಂದೊಂದು ಕೆಲಸಕ್ಕೂ ಒಂದು ಟಿಕೆಟ್ ಬರೆದು ಅದು ಎಲ್ಲಿಗೆ ಬಂತು ಅಂತ ನೋಡುವುದಕ್ಕೆ ರೆಡ್‌ಮೈನ್ ಅನ್ನುವ ಸಾಫ್ಟ್‌ವೇರ್ ಇದೆ, ನಮ್ಮದೇ ಸರ್ವರ್‌ನಲ್ಲಿ. ಇನ್‌ಸ್ಟಾಲ್ ಮಾಡಿದಾಗ ಬಂದ ಸ್ಟೇಟಸ್‌ಗಳೇ ಇವತ್ತಿಗೂ ಓಡುತ್ತಿವೆ: ನ್ಯೂ, ಇನ್ ಪ್ರೋಗ್ರೆಸ್, ರಿಸಾಲ್ವ್ಡ್, ಫೀಡ್‌ಬ್ಯಾಕ್, ಕ್ಲೋಸ್ಡ್, ರಿಜೆಕ್ಟೆಡ್. ಯಾರು ಯಾವ ಸ್ಟೇಟಸ್‌ಗೆ ಬದಲಾಯಿಸಬಹುದು ಅಂತ ಹೇಳುವ ವರ್ಕ್‌ಫ್ಲೋ ಪುಟದಲ್ಲಿ ನಮ್ಮಲ್ಲಿ ಎಲ್ಲರಿಗೂ ಎಲ್ಲ ಟಿಕ್ ಹಾಕಿಬಿಟ್ಟಿದ್ದಾರೆ. ಯಾರು ಬೇಕಾದರೂ ಯಾವುದನ್ನು ಬೇಕಾದರೂ ಕ್ಲೋಸ್ ಮಾಡಬಹುದು.

ಈಗ ಒಬ್ಬ ಗ್ರಾಹಕರು, "ಈ ಬಡ್ಡಿ ಲೆಕ್ಕ ಬದಲಾಯಿಸಿದ್ದನ್ನು ಚೆಕ್ ಮಾಡಿದವರು ಯಾರು?" ಅಂತ ಕೇಳುತ್ತಿದ್ದಾರೆ. ಟಿಕೆಟ್‌ನಲ್ಲಿ ಅದಕ್ಕೆ ಉತ್ತರ ಇಲ್ಲ. ನಮಗೆ ಬೇಕಾಗಿರುವುದು ಇಷ್ಟು. ಕೆಲಸ ಮುಗಿದ ಮೇಲೆ ಇನ್ನೊಬ್ಬರು ನೋಡಬೇಕು. ಸರಿ ಇದ್ದರೆ ಅವರೇ ಕ್ಲೋಸ್ ಮಾಡಬೇಕು. ಸರಿ ಇಲ್ಲದಿದ್ದರೆ ಕಾರಣ ಬರೆದು ವಾಪಸ್ ಕಳಿಸಬೇಕು. "ರಿವ್ಯೂ" ಅಂತ ಹೊಸ ಸ್ಟೇಟಸ್ ಮಾಡಿದೆ. ಆದರೆ ವರ್ಕ್‌ಫ್ಲೋ ಪುಟದಲ್ಲಿ ಅದು ಕಾಣಿಸುತ್ತಲೇ ಇಲ್ಲ. ಇದಕ್ಕೆ ಪ್ಲಗಿನ್ ಬೇಕಾ?

ಸರ್ವರ್‌ಸ್ವಾಮಿ
ಪ್ಲಗಿನ್ ಬೇಡ. ವರ್ಕ್‌ಫ್ಲೋ ಪುಟದಲ್ಲಿ ರೋಲ್ (ತಂಡದಲ್ಲಿ ಒಬ್ಬರ ಪಾತ್ರ), ಟ್ರ್ಯಾಕರ್ (ಟಿಕೆಟ್‌ನ ಬಗೆ) ಆರಿಸುವ ಜಾಗದ ಪಕ್ಕ, "ಈ ಟ್ರ್ಯಾಕರ್ ಬಳಸುತ್ತಿರುವ ಸ್ಟೇಟಸ್‌ಗಳನ್ನು ಮಾತ್ರ ತೋರಿಸು" ಅನ್ನುವ ಅರ್ಥದ ಒಂದು ಚೆಕ್‌ಬಾಕ್ಸ್ ಇದೆ. ಅದರ ಟಿಕ್ ತೆಗೆದು ಮತ್ತೆ ಎಡಿಟ್ ಒತ್ತಿ. ನಿಮ್ಮ ಹೊಸ ಸ್ಟೇಟಸ್ ಬರುತ್ತದೆ. ಯಾವ ಟ್ರ್ಯಾಕರ್‌ನಲ್ಲೂ ಇನ್ನೂ ಬಳಸಿಲ್ಲ, ಅದಕ್ಕೇ ಅಡಗಿದೆ. ಹೊಸಬರೆಲ್ಲ ಎಡವುವ ಜಾಗ ಅದು.

ಇನ್ನು ವಿಷಯಕ್ಕೆ ಬರೋಣ. ಬರೀ ಸ್ಟೇಟಸ್ ಮಾಡಿದರೆ ಅಪ್ರೂವಲ್ ಬಂದಂತಲ್ಲ. ಅಪ್ರೂವಲ್ ಇರುವುದು ಒಂದು ಸ್ಟೇಟಸ್‌ನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ. ಆ ದಾರಿ ಯಾರಿಗೆ ತೆರೆದಿದೆ ಅನ್ನುವುದಷ್ಟೇ ಪ್ರಶ್ನೆ. ರೆಡ್‌ಮೈನ್ ಇದನ್ನು ಒಂದು ಚೌಕುಳಿ ಪಟ್ಟಿಯಲ್ಲಿ ಇಡುತ್ತದೆ. ಎಡಗಡೆ ಮೇಲಿಂದ ಕೆಳಕ್ಕೆ ಈಗಿನ ಸ್ಟೇಟಸ್, ಮೇಲಿನ ಸಾಲಿನಲ್ಲಿ ಮುಂದಿನ ಸ್ಟೇಟಸ್. ಪ್ರತಿ ರೋಲ್‌ಗೆ, ಪ್ರತಿ ಟ್ರ್ಯಾಕರ್‌ಗೆ ಬೇರೆ ಬೇರೆ ಪಟ್ಟಿ.

ಡೆವಲಪರ್ ರೋಲ್ ತೆಗೆದುಕೊಳ್ಳಿ. ಕ್ಲೋಸ್ಡ್ ಕಾಲಂನಲ್ಲಿ ಇರುವ ಟಿಕ್ ಎಲ್ಲ ತೆಗೆಯಿರಿ. ಇನ್ ಪ್ರೋಗ್ರೆಸ್‌ನಿಂದ ರಿವ್ಯೂಗೆ, ಫೀಡ್‌ಬ್ಯಾಕ್‌ನಿಂದ ಮತ್ತೆ ಇನ್ ಪ್ರೋಗ್ರೆಸ್‌ಗೆ ಟಿಕ್ ಇರಲಿ. ಆಮೇಲೆ "ರಿವ್ಯೂವರ್" ಅಂತ ಹೊಸ ರೋಲ್ ಮಾಡಿ. ಅದಕ್ಕೆ ರಿವ್ಯೂನಿಂದ ಕ್ಲೋಸ್ಡ್‌ಗೆ, ರಿವ್ಯೂನಿಂದ ಫೀಡ್‌ಬ್ಯಾಕ್‌ಗೆ, ಕ್ಲೋಸ್ ಆದದ್ದನ್ನು ಮತ್ತೆ ತೆರೆಯುವುದಕ್ಕೆ ಟಿಕ್ ಹಾಕಿ. ಒಂದು ಟ್ರ್ಯಾಕರ್‌ಗೆ ಮಾಡಿದರೆ ಸಾಕು, ಉಳಿದವಕ್ಕೆ ಕಾಪಿ ಮಾಡುವ ಸೌಲಭ್ಯ ಅಲ್ಲೇ ಇದೆ.

ಅದೇ ಪುಟದ ಕೆಳಗೆ ಇನ್ನೆರಡು ಪಟ್ಟಿ ಮಡಚಿಕೊಂಡಿರುತ್ತವೆ. ಒಂದು ಟಿಕೆಟ್ ಬರೆದವರಿಗೆ, ಇನ್ನೊಂದು ಅಸೈನ್ ಆದವರಿಗೆ. ಅವನ್ನೂ ಬಿಡಿಸಿ ನೋಡಿ. ಮೇಲಿನ ಪಟ್ಟಿಯಲ್ಲಿ ಬಾಗಿಲು ಹಾಕಿ ಕೆಳಗಿನದರಲ್ಲಿ ತೆರೆದಿಟ್ಟಿರುತ್ತಾರೆ, ಸುಮಾರು ಕಡೆ ನೋಡಿದ್ದೇನೆ.

ಕಮಿಟ್‌ಗೌಡ
11 ಜನಕ್ಕೆ ಇದೆಲ್ಲ ಯಾಕೆ ಸರ್? ಎದುರುಬದುರು ಕೂತಿರುತ್ತೀರಿ. "ಸ್ವಲ್ಪ ನೋಡು" ಅಂದರೆ ಮುಗಿಯಿತು. ನನ್ನ ಹಿಂದಿನ ಕಂಪನಿಯಲ್ಲಿ ಅಪ್ರೂವಲ್ ಹಾಕಿದರು. ಮ್ಯಾನೇಜರ್ ಒಬ್ಬರೇ ಅಪ್ರೂವರ್. ಅವರು ರಜೆ ಹಾಕಿದರೆ ರಿವ್ಯೂ ಕಾಲಂನಲ್ಲಿ ಟಿಕೆಟ್ ರಾಶಿ. ಬಂದ ದಿನ ಎಲ್ಲ ಸೆಲೆಕ್ಟ್ ಮಾಡಿ ಒಂದೇ ಏಟಿಗೆ ಕ್ಲೋಸ್. ಇದಕ್ಕೆ ರಿವ್ಯೂ ಅಂತಾರಾ?

ಪೇಡಾನಗರಿ
ಚೆಕ್‌ಬಾಕ್ಸ್ ಟಿಕ್ ತೆಗೆದೆ, ಬಂತು! ಥ್ಯಾಂಕ್ಸ್ ಸ್ವಾಮಿಗಳೇ.

ಗೌಡರೇ, ಎದುರುಬದುರು ಕೂತು ನೋಡುವುದು ಈಗಲೂ ನಡೆಯುತ್ತಿದೆ. ಆದರೆ ಗ್ರಾಹಕರಿಗೆ ತೋರಿಸುವುದಕ್ಕೆ ಏನೂ ಇಲ್ಲ. ಅವರ ಆಡಿಟರ್ ಬರಹದಲ್ಲಿ ಕೇಳುತ್ತಾರೆ.

ಚೆಕರ್_ಅಕ್ಕ
ನಾನು ಬ್ಯಾಂಕ್ ಸಾಫ್ಟ್‌ವೇರ್ ಕಡೆಯವಳು. ನಿಮ್ಮ ಗ್ರಾಹಕರು ಕೇಳುತ್ತಿರುವುದು ನಮ್ಮಲ್ಲಿ ದಿನನಿತ್ಯದ ಮೇಕರ್-ಚೆಕರ್. ಬ್ಯಾಂಕ್ ಕೌಂಟರ್‌ನಲ್ಲಿ ಎಂಟ್ರಿ ಹಾಕಿದವರೇ ಅದನ್ನು ವೆರಿಫೈ ಮಾಡುವುದಕ್ಕೆ ಸಿಸ್ಟಂ ಬಿಡುವುದಿಲ್ಲ. ಇನ್ನೊಂದು ಲಾಗಿನ್ ಬೇಕೇ ಬೇಕು. ಸಹಕಾರಿ ಸಂಘದವರಿಗೂ ಇದು ಗೊತ್ತಿರುವ ಪದ್ಧತಿ. ಅದಕ್ಕೇ ಕೇಳಿದ್ದಾರೆ.

ಗೌಡರು ಹೇಳಿದ ರಾಶಿಯ ಸಮಸ್ಯೆ ನಿಜ. ಆದರೆ ಅದಕ್ಕೆ ಮದ್ದು ರಿವ್ಯೂ ತೆಗೆಯುವುದಲ್ಲ. ಬ್ಯಾಂಕಿನಲ್ಲೂ ಎಲ್ಲ ವ್ಯವಹಾರ ಮ್ಯಾನೇಜರ್ ಟೇಬಲ್‌ಗೆ ಹೋಗುವುದಿಲ್ಲ. ಮೊತ್ತಕ್ಕೆ ತಕ್ಕಂತೆ ಪವರ್ ಹಂಚಿರುತ್ತಾರೆ. ನೀವೂ ಹಾಗೆ ಮಾಡಿ. ಬಡ್ಡಿ ಲೆಕ್ಕ, ಬಾಕಿ ಲೆಕ್ಕ, ಡೇಟಾ ತಿದ್ದುಪಡಿ, ಇವಕ್ಕೆ ಅಪ್ರೂವಲ್ ಕಡ್ಡಾಯ. ಬಟನ್ ಬಣ್ಣ, ಕಾಗುಣಿತದ ತಪ್ಪು, ಇವಕ್ಕೆ ಬೇಡ. ಟ್ರ್ಯಾಕರ್‌ಗೆ ಬೇರೆ ಬೇರೆ ವರ್ಕ್‌ಫ್ಲೋ ಇಡಬಹುದು ಅಂತ ಸ್ವಾಮಿಗಳು ಹೇಳಿದ್ದಾರಲ್ಲ. "ಸಣ್ಣ ಬದಲಾವಣೆ" ಅಂತ ಒಂದು ಟ್ರ್ಯಾಕರ್ ಮಾಡಿ, ಅದಕ್ಕೆ ಗಿಡ್ಡ ದಾರಿ ಕೊಡಿ.

ಕಮಿಟ್‌ಗೌಡ
ಆಗ ಎಲ್ಲರೂ ಎಲ್ಲವನ್ನೂ "ಸಣ್ಣ ಬದಲಾವಣೆ"ಗೇ ಹಾಕುತ್ತಾರೆ ಅಕ್ಕ. ನಾನಾಗಿದ್ದರೆ ಹಾಕುತ್ತಿದ್ದೆ.

ಸರ್ವರ್‌ಸ್ವಾಮಿ
ಹಾಕಲಿ ನೋಡೋಣ. ರೆಡ್‌ಮೈನ್ 3.3ರಿಂದ ಯಾವ ರೋಲ್‌ನವರು ಯಾವ ಟ್ರ್ಯಾಕರ್‌ನಲ್ಲಿ ಟಿಕೆಟ್ ಬರೆಯಬಹುದು ಅನ್ನುವುದನ್ನೂ ಕಟ್ಟಿಹಾಕಬಹುದು. ವರ್ಕ್‌ಫ್ಲೋ ಪುಟದ ಫೀಲ್ಡ್ ಪರ್ಮಿಷನ್ (ಟಿಕೆಟ್‌ನ ಯಾವ ಖಾನೆ ಯಾರು ತುಂಬಬಹುದು ಅನ್ನುವ) ಟ್ಯಾಬ್‌ನಲ್ಲಿ ಟ್ರ್ಯಾಕರ್ ಫೀಲ್ಡನ್ನೇ ಡೆವಲಪರ್‌ಗೆ ರೀಡ್-ಓನ್ಲಿ ಮಾಡಿ. ಮಧ್ಯದಲ್ಲಿ ಬದಲಾಯಿಸುವುದೂ ನಿಲ್ಲುತ್ತದೆ.

ಆ ಟ್ಯಾಬ್ ಇನ್ನೂ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಯಾವ ಸ್ಟೇಟಸ್‌ನಲ್ಲಿ ಯಾವ ಫೀಲ್ಡ್ ಕಡ್ಡಾಯ, ಯಾವುದನ್ನು ಮುಟ್ಟಬಾರದು ಅಂತ ಹೇಳಬಹುದು. ಕ್ಲೋಸ್ಡ್ ಸ್ಟೇಟಸ್‌ನಲ್ಲಿ ವಿವರಣೆ, ದಿನಾಂಕ ಎಲ್ಲ ರೀಡ್-ಓನ್ಲಿ ಮಾಡಿ. ಇಲ್ಲದಿದ್ದರೆ ಒಪ್ಪಿಗೆ ಪಡೆದದ್ದು ಒಂದು, ಆಮೇಲೆ ವಿವರಣೆಯಲ್ಲಿ ಇರುವುದು ಇನ್ನೊಂದು ಅನ್ನುವ ಹಾಗಾಗುತ್ತದೆ. ಎಲ್ಲ ಬದಲಾವಣೆಯೂ ಹಿಸ್ಟರಿಯಲ್ಲಿ ಇರುತ್ತದೆ ನಿಜ, ಆದರೆ ಆಡಿಟರ್ ಅಷ್ಟು ಕೆಳಗೆ ಹೋಗಿ ಓದುವುದಿಲ್ಲ.

ಬಗ್‌ಬೇಟೆ
ಟೆಸ್ಟರ್ ಕಡೆಯಿಂದ ಒಂದು ಮಾತು. ರಿವ್ಯೂ ಕಾಲಂ ತುಂಬುವುದಕ್ಕೆ ಅಪ್ರೂವರ್ ಸೋಮಾರಿತನ ಒಂದೇ ಕಾರಣ ಅಲ್ಲ. ಟಿಕೆಟ್ ತೆರೆದರೆ ಏನು ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ. "ಫಿಕ್ಸ್ಡ್" ಅಂತ ಒಂದು ಪದ ಇರುತ್ತದೆ ಅಷ್ಟೇ. ಯಾವ ಸರ್ವರ್‌ನಲ್ಲಿ ಹಾಕಿದ್ದೀರಿ? ಯಾವ ಖಾತೆ ತೆರೆದು ನೋಡಲಿ? ಎಷ್ಟು ಬಡ್ಡಿ ಬರಬೇಕು? ಇದನ್ನು ಕೇಳುವುದಕ್ಕೇ ಅರ್ಧ ದಿನ ಹೋಗುತ್ತದೆ.

"ಚೆಕ್ ಮಾಡುವುದು ಹೇಗೆ" ಅಂತ ಒಂದು ಕಸ್ಟಮ್ ಫೀಲ್ಡ್ (ನಾವೇ ಸೇರಿಸುವ ಖಾನೆ) ಮಾಡಿ. ರಿವ್ಯೂ ಸ್ಟೇಟಸ್‌ಗೆ ಹೋಗುವಾಗ ಅದು ಕಡ್ಡಾಯ ಆಗಲಿ. ನಿಮ್ಮ ಬಡ್ಡಿ ಉದಾಹರಣೆಯಲ್ಲಿ ಹೀಗೆ ಬರೆದರೆ ಸಾಕು: "ಟೆಸ್ಟ್ ಸರ್ವರ್. 10,000 ರೂಪಾಯಿ ಸಾಲ, ಶೇ. 12 ಸರಳ ಬಡ್ಡಿ, ಒಂದು ವರ್ಷ. ಬಡ್ಡಿ 1,200 ಬರಬೇಕು. ಅವಧಿ ಮೀರಿದ ಖಾತೆಯನ್ನೂ ನೋಡಿ." ಹೀಗಿದ್ದರೆ ನಾನು ಹತ್ತು ನಿಮಿಷದಲ್ಲಿ ಮುಗಿಸುತ್ತೇನೆ. ಬೇರೆ ಲೆಕ್ಕ ಬಂದರೆ ವಾಪಸ್ ಕಳಿಸುವುದಕ್ಕೂ ಗಟ್ಟಿ ಕಾರಣ ಇರುತ್ತದೆ.

ಪೇಡಾನಗರಿ
ಇದು ಬಹಳ ಚೆನ್ನಾಗಿದೆ ಮೇಡಂ. ವಾಪಸ್ ಕಾರಣಕ್ಕೂ ಹೀಗೇ ಒಂದು ಫೀಲ್ಡ್ ಮಾಡಬಹುದಲ್ವಾ? ಫೀಡ್‌ಬ್ಯಾಕ್ ಸ್ಟೇಟಸ್‌ನಲ್ಲಿ ಕಡ್ಡಾಯ ಅಂತ?

ಸರ್ವರ್‌ಸ್ವಾಮಿ
ಮಾಡಬಹುದು. ಆದರೆ ಒಂದು ತೂತು ಇದೆ. ಮೊದಲ ಸಲ ಕಾರಣ ಬರೆದಿರುತ್ತೀರಿ. ಎರಡನೇ ಸಲ ವಾಪಸ್ ಕಳಿಸುವಾಗ ಹಳೇ ಕಾರಣ ಆ ಫೀಲ್ಡ್‌ನಲ್ಲಿ ಹಾಗೇ ಇರುತ್ತದೆ. ಖಾಲಿ ಇಲ್ಲ ಅಂತ ರೆಡ್‌ಮೈನ್ ಸುಮ್ನೆ ಬಿಟ್ಟುಬಿಡುತ್ತದೆ. ಕಾಮೆಂಟ್ ಕಡ್ಡಾಯ ಮಾಡುವ ಸೌಲಭ್ಯ ಆ ಟ್ಯಾಬ್‌ನಲ್ಲಿ ಇಲ್ಲ. ಅಷ್ಟು ಮಾತ್ರ ತಂಡದ ಶಿಸ್ತಿಗೆ ಬಿಡಬೇಕು.

ಜಿರಾಜೀವಿ
ಇಷ್ಟು ಸುತ್ತು ಯಾಕೆ, ಜಿರಾಗೆ ಬನ್ನಿ, ಅದೂ ಟಿಕೆಟ್ ಸಾಫ್ಟ್‌ವೇರೇ. ಅಲ್ಲಿ ದಾರಿಗೆ ಟ್ರಾನ್ಸಿಷನ್ ಅಂತಾರೆ. ಟ್ರಾನ್ಸಿಷನ್‌ಗೆ ಕಂಡೀಷನ್ ಹಾಕಿದರೆ ಅರ್ಹತೆ ಇಲ್ಲದವರಿಗೆ ಅಪ್ರೂವ್ ಬಟನ್ನೇ ಕಾಣುವುದಿಲ್ಲ. ವ್ಯಾಲಿಡೇಟರ್ ಹಾಕಿದರೆ ಬಟನ್ ಕಾಣುತ್ತದೆ, ಆದರೆ ಬೇಕಾದ ಫೀಲ್ಡ್ ತುಂಬದೆ ದಾಟುವುದಕ್ಕೆ ಬಿಡುವುದಿಲ್ಲ. "ರಿವ್ಯೂವರ್" ಅಂತ ಯೂಸರ್ ಫೀಲ್ಡ್ ಮಾಡಿ, ಆ ಫೀಲ್ಡ್‌ನಲ್ಲಿ ಹೆಸರಿರುವವರು ಮಾತ್ರ ದಾಟಿಸಬಹುದು ಅಂತ ಕಂಡೀಷನ್ ಹಾಕಬಹುದು. ಮೊದಲೊಂದು ಹಂತ ದಾಟಿಸಿದವರೇ ಮುಂದಿನ ಹಂತ ದಾಟಿಸಬಾರದು ಅನ್ನುವ ನಿಯಮವೂ ಇದೆ. ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್ ತಗೊಂಡರೆ ಅಪ್ರೂವಲ್ ರೆಡಿ ಇರುತ್ತದೆ. ಎಷ್ಟು ಜನ ಒಪ್ಪಬೇಕು ಅಂತ ಸಂಖ್ಯೆ ಕೂಡ ಕೊಡಬಹುದು.

ಸರ್ವರ್‌ಸ್ವಾಮಿ
ಜಿರಾ ಕ್ಲೌಡ್‌ನ ಉಚಿತ ಪ್ಲಾನ್ 10 ಜನಕ್ಕೆ. ಇವರು 11. :)

ಜಿರಾ ಬಳಸುವವರಿಗೆ ಒಂದು ಕಿವಿಮಾತು. ಕ್ಲೋಸ್ ಮಾಡುವಾಗ ರೆಸಲ್ಯೂಷನ್ (ಕೆಲಸ ಹೇಗೆ ಮುಗಿಯಿತು ಅನ್ನುವ ಫೀಲ್ಡ್) ತುಂಬುವ ಪೋಸ್ಟ್ ಫಂಕ್ಷನ್ (ದಾಟಿಸಿದಾಗ ತಾನೇ ನಡೆಯುವ ಕೆಲಸ) ಹಾಕುತ್ತಾರೆ. ವಾಪಸ್ ಕಳಿಸುವ ದಾರಿಯಲ್ಲಿ ಅದನ್ನು ಖಾಲಿ ಮಾಡುವುದಕ್ಕೆ ಮರೆಯುತ್ತಾರೆ. ಆಗ ಟಿಕೆಟ್ ಇನ್ ಪ್ರೋಗ್ರೆಸ್‌ನಲ್ಲಿ ಇದ್ದರೂ ಅದರ ನಂಬರ್ ಮೇಲೆ ಗೆರೆ ಎಳೆದಿರುತ್ತದೆ. ಬಾಕಿ ಕೆಲಸದ ಫಿಲ್ಟರ್‌ನಲ್ಲೂ ಬರುವುದಿಲ್ಲ.

ಜಿರಾಜೀವಿ
ಹೌದು ಸರ್, ಅದು ಎಲ್ಲ ಕಡೆ ಇರುವ ಕಾಯಿಲೆ. 11ನೇ ವ್ಯಕ್ತಿಯ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಪೇಡಾನಗರಿ
ರೆಡ್‌ಮೈನ್ ಬಿಡುವ ಯೋಚನೆ ಇಲ್ಲ. ಆದರೆ ಜೀವಿಗಳು ಹೇಳಿದ್ದು ನನ್ನ ಮೂಲ ಪ್ರಶ್ನೆಯೇ. ನಮ್ಮ ಸೀನಿಯರ್‌ಗಳು ಮೂರು ಜನ. ಅವರೇ ರಿವ್ಯೂವರ್, ಅವರೇ ಕೋಡ್ ಕೂಡ ಬರೆಯುತ್ತಾರೆ. ಅವರಿಗೆ ಎರಡೂ ರೋಲ್ ಕೊಟ್ಟರೆ ತಮ್ಮ ಕೆಲಸವನ್ನು ತಾವೇ ಒಪ್ಪಿಕೊಳ್ಳಬಹುದಲ್ಲ? ಅಸೈನ್ ಆದವರ ಪಟ್ಟಿಯಲ್ಲಿ ಟಿಕ್ ತೆಗೆದರೆ ನಿಲ್ಲುತ್ತದಾ?

ಸರ್ವರ್‌ಸ್ವಾಮಿ
ನಿಲ್ಲುವುದಿಲ್ಲ. ಆ ಪಟ್ಟಿಗಳು ದಾರಿ ಕೂಡಿಸುತ್ತವೆ, ಕಳೆಯುವುದಿಲ್ಲ. ಎರಡು ರೋಲ್ ಇದ್ದವರಿಗೆ ಎರಡರ ದಾರಿಗಳೂ ಸೇರಿ ಸಿಗುತ್ತವೆ. ಅಡ್ಮಿನ್ ಲಾಗಿನ್‌ಗಂತೂ ಎಲ್ಲ ರೋಲ್‌ಗಳ ದಾರಿಯೂ ತೆರೆದಿರುತ್ತದೆ. ಆದ್ದರಿಂದ ದಿನದ ಕೆಲಸಕ್ಕೆ ಯಾರೂ ಅಡ್ಮಿನ್ ಲಾಗಿನ್ ಬಳಸಬಾರದು. ಇದು ಮೊದಲನೇ ನಿಯಮ.

ಪ್ಲಗಿನ್ ಇಲ್ಲದೆ ಪೂರ್ತಿ ತಡೆಯುವುದು ಆಗುವುದಿಲ್ಲ. ಆದರೆ ಹಿಡಿಯಬಹುದು. "ಕೆಲಸ ಮಾಡಿದವರು" ಅಂತ ಯೂಸರ್ ಮಾದರಿಯ ಕಸ್ಟಮ್ ಫೀಲ್ಡ್ ಮಾಡಿ, ರಿವ್ಯೂ ಸ್ಟೇಟಸ್‌ನಲ್ಲಿ ಕಡ್ಡಾಯ ಮಾಡಿ. ಆಮೇಲೆ ಒಬ್ಬೊಬ್ಬ ರಿವ್ಯೂವರ್‌ಗೆ ಒಂದೊಂದು ಕ್ವೆರಿ (ಷರತ್ತು ಹಾಕಿದ ಹುಡುಕಾಟ) ಉಳಿಸಿ: ಸ್ಟೇಟಸ್ ಕ್ಲೋಸ್ಡ್, ಕೆಲಸ ಮಾಡಿದವರು ಇವರೇ, ಕೊನೆಯಲ್ಲಿ ಬದಲಾಯಿಸಿದವರೂ ಇವರೇ. ಮೂರೇ ಜನ ಇರುವುದರಿಂದ ಮೂರು ಕ್ವೆರಿ. ಖಾಲಿ ಬಂದರೆ ಸರಿ. ಕ್ಲೋಸ್ ಆದ ಮೇಲೆ ಬೇರೆಯವರು ಕಾಮೆಂಟ್ ಹಾಕಿದರೆ ಆ ಟಿಕೆಟ್ ಇದರಿಂದ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಓಡಿಸಿ.

ಚೆಕರ್_ಅಕ್ಕ
ಮೂವರು ಸೀನಿಯರ್‌ಗಳು ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುವುದು ಸಾಕು. ಆಡಿಟರ್ ಕೇಳುವುದು ದೊಡ್ಡವರು ನೋಡಿದರಾ ಅಂತ ಅಲ್ಲ, ಬೇರೆಯವರು ನೋಡಿದರಾ ಅಂತ. ಜೂನಿಯರ್ ಕೂಡ ಸೀನಿಯರ್ ಕೆಲಸವನ್ನು ಚೆಕ್ ಮಾಡಬಹುದು. ಬ್ಯಾಂಕ್ ಲೆಕ್ಕದಲ್ಲಿ ಇದಕ್ಕೆ ಒಪ್ಪದವರಿದ್ದಾರೆ, ಆದರೆ ನನ್ನ ಅಭಿಪ್ರಾಯ ಇದೇ. ಬಗ್‌ಬೇಟೆ ಮೇಡಂ ಹೇಳಿದ ಹಾಗೆ ಚೆಕ್ ಮಾಡುವ ಕ್ರಮ ಬರೆದಿದ್ದರೆ ಹೊಸಬರೂ ತಪ್ಪು ಹಿಡಿಯುತ್ತಾರೆ. ಜೊತೆಗೆ ಕೆಲಸವನ್ನೂ ಕಲಿಯುತ್ತಾರೆ.

ಅರಳಿಕಟ್ಟೆ_ಓದುಗ
ಸ್ವಲ್ಪ ಬೇರೆ ಕಡೆಯ ಉದಾಹರಣೆ ಕೊಡುತ್ತೇನೆ. ವಿಕಿಪೀಡಿಯ ನಡೆಸುವ ವಿಕಿಮೀಡಿಯ 2014ರಲ್ಲಿ ಬಗ್‌ಜಿಲ್ಲಾ ಬಿಟ್ಟು ಫ್ಯಾಬ್ರಿಕೇಟರ್‌ಗೆ ಬಂತು, ಎರಡೂ ರೆಡ್‌ಮೈನ್ ಥರದ ಸಾಫ್ಟ್‌ವೇರ್. ಕನ್ನಡ ವಿಕಿಪೀಡಿಯದ ಯಾವುದಾದರೂ ಸೆಟ್ಟಿಂಗ್ ಬದಲಾಗಬೇಕು ಅಂದರೆ ಮೊದಲು ಅಲ್ಲಿನ ಚರ್ಚೆಯ ಪುಟವಾದ ಅರಳಿಕಟ್ಟೆಯಲ್ಲಿ ಚರ್ಚೆ ಆಗಬೇಕು. ಆಮೇಲೆ ಆ ಚರ್ಚೆಯ ಲಿಂಕ್ ಸಮೇತ ಫ್ಯಾಬ್ರಿಕೇಟರ್‌ನಲ್ಲಿ ಟಾಸ್ಕ್ ಹಾಕಬೇಕು. ಚರ್ಚೆ ಕಾಣದಿದ್ದರೆ ಸಮುದಾಯದ ಒಪ್ಪಿಗೆ ಬೇಕು ಅನ್ನುವ ಟ್ಯಾಗ್ ಅಂಟುತ್ತದೆ, ಕೆಲಸ ಅಲ್ಲೇ ನಿಲ್ಲುತ್ತದೆ. ಅಂದರೆ ಒಪ್ಪಿಗೆ ಟಿಕೆಟ್ ಸಾಫ್ಟ್‌ವೇರ್‌ನ ಹೊರಗೆ ಆಗಿದ್ದರೂ ಅದರ ಗುರುತು ಒಳಗೆ ಇರಲೇಬೇಕು.

ವಿಕಿಮೀಡಿಯದ ಕೋಡ್ ರಿವ್ಯೂ ಗೆರಿಟ್ ಅನ್ನುವ ಬೇರೆ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತದೆ. ಅಲ್ಲಿ ಅಂಕ ಮೈನಸ್ 2ರಿಂದ ಪ್ಲಸ್ 2ರವರೆಗೆ. ಪ್ಲಸ್ 1 ಅಂದರೆ "ನನಗೆ ಸರಿ ಕಾಣುತ್ತದೆ, ಆದರೆ ಇನ್ನೊಬ್ಬರು ಒಪ್ಪಬೇಕು." ಪ್ಲಸ್ 2 ಅಂದರೆ ಒಪ್ಪಿಗೆ. ಎರಡು ಪ್ಲಸ್ 1 ಸೇರಿದರೆ ಪ್ಲಸ್ 2 ಆಗುವುದಿಲ್ಲ. ಇದು ನನಗೆ ಇಷ್ಟ. ಅಭಿಪ್ರಾಯ ಎಲ್ಲರೂ ಕೊಡಬಹುದು, ಹೊಣೆ ಹೊರುವವರು ಬೇರೆ. ಪೇಡಾನಗರಿಯವರೂ ಜೂನಿಯರ್‌ಗಳಿಗೆ ಮೊದಲು ಕಾಮೆಂಟ್ ಮಾಡುವ ರೂಢಿ ಹಾಕಿ, ದಾಟಿಸುವ ಟಿಕ್ ಆಮೇಲೆ ಕೊಡಬಹುದು.

ಹಳೇಬಗ್
ಬಗ್‌ಜಿಲ್ಲಾ ಹೆಸರು ಬಂತು ಅಂತ ಬಂದೆ. 1998ರಿಂದ ಇರುವ ಸಾಫ್ಟ್‌ವೇರ್ ಅದು. ಅದರಲ್ಲಿ ರಿವ್ಯೂ ಸ್ಟೇಟಸ್ ಅಲ್ಲ, ಫ್ಲ್ಯಾಗ್. ಪ್ರಶ್ನೆ ಚಿಹ್ನೆ ಹಾಕಿ ಒಬ್ಬರ ಹೆಸರು ಬರೆದರೆ ಅವರನ್ನು ಕೇಳಿದ ಹಾಗೆ. ಅವರು ಪ್ಲಸ್ ಅಥವಾ ಮೈನಸ್ ಹಾಕುತ್ತಾರೆ. ಪ್ರಶ್ನೆ ಹಾಕುವವರ ಗುಂಪು ಬೇರೆ, ಉತ್ತರ ಹಾಕುವವರ ಗುಂಪು ಬೇರೆ ಇಡಬಹುದು. ಇಂಥವರೇ ನೋಡಬೇಕು ಅಂತ ಹೆಸರು ಇರುವುದರಿಂದ "ಯಾರಾದರೂ ನೋಡುತ್ತಾರೆ ಬಿಡು" ಅನ್ನುವುದು ಇರುವುದಿಲ್ಲ.

ರೆಡ್‌ಮೈನ್‌ನಲ್ಲೂ ಹೆಸರು ಹಾಕಿ. ರಿವ್ಯೂ ಕಾಲಂಗೆ ಎಸೆದು ಕೈ ತೊಳೆದುಕೊಳ್ಳಬೇಡಿ.

ಬಗ್‌ಬೇಟೆ
ಅದಕ್ಕೇ ರಿವ್ಯೂಗೆ ಕಳಿಸುವಾಗ ಅಸೈನಿಯನ್ನು (ಟಿಕೆಟ್ ಯಾರ ಹೆಸರಲ್ಲಿದೆಯೋ ಅವರನ್ನು) ಬದಲಾಯಿಸಿ. ರೆಡ್‌ಮೈನ್‌ನ ಮೈ ಪೇಜ್‌ನಲ್ಲಿ ನನಗೆ ಅಸೈನ್ ಆದ ಟಿಕೆಟ್‌ಗಳ ಪಟ್ಟಿ ಇರುತ್ತದೆ. ಬೆಳಗ್ಗೆ ಬಂದು ನೋಡುವುದು ಅದನ್ನೇ. ನನ್ನ ಹೆಸರಿಗೆ ಬರದ ಟಿಕೆಟ್ ನನ್ನ ಕಣ್ಣಿಗೆ ಬೀಳುವುದಿಲ್ಲ.

ಕಮಿಟ್‌ಗೌಡ
ಅಸೈನಿ ಬದಲಾದರೆ ಕೆಲಸ ಯಾರದ್ದು ಅನ್ನುವುದೇ ಹೋಗುತ್ತದೆ. ತಿಂಗಳ ಕೊನೆಗೆ ರಿಪೋರ್ಟ್ ತೆಗೆದರೆ ಕ್ಲೋಸ್ ಆದದ್ದೆಲ್ಲ ರಿವ್ಯೂವರ್ ಹೆಸರಲ್ಲಿ!

ಬಗ್‌ಬೇಟೆ
ಅದಕ್ಕೇ "ಕೆಲಸ ಮಾಡಿದವರು" ಫೀಲ್ಡ್ ಇದೆಯಲ್ಲ. ರಿಪೋರ್ಟ್ ಅದರ ಮೇಲೆ ತೆಗೆಯಿರಿ ಗೌಡರೇ.

ಕಮಿಟ್‌ಗೌಡ
ಸರಿ, ಇದು ಒಪ್ಪಿಗೆ. ಪ್ಲಸ್ 1.

ಹಾಗಿದ್ದರೆ ನಾನೂ ಒಂದು ಕೆಲಸದ ಮಾತು ಹೇಳುತ್ತೇನೆ. ಕಮಿಟ್ ಮೆಸೇಜ್‌ನಲ್ಲಿ (ಕೋಡ್ ಬದಲಾವಣೆ ದಾಖಲಿಸುವಾಗ ಬರೆಯುವ ಟಿಪ್ಪಣಿ) "ಫಿಕ್ಸಸ್" ಅಂತ ಬರೆದು ಟಿಕೆಟ್ ನಂಬರ್ ಹಾಕಿದರೆ ರೆಡ್‌ಮೈನ್ ತಾನೇ ಸ್ಟೇಟಸ್ ಬದಲಾಯಿಸುವ ಹಾಗೆ ಸೆಟ್ ಮಾಡಿರುತ್ತಾರೆ. ಆ ಬದಲಾವಣೆ ವರ್ಕ್‌ಫ್ಲೋ ಪಟ್ಟಿ ಕೇಳುವುದಿಲ್ಲ! ನೀವು ಎಷ್ಟೇ ಟಿಕ್ ತೆಗೆದಿರಿ, ಡೆವಲಪರ್ ಒಂದು ಕಮಿಟ್‌ನಿಂದ ಕ್ಲೋಸ್ ಮಾಡಬಹುದು. ಸೆಟ್ಟಿಂಗ್ಸ್‌ನ ರೆಪಾಸಿಟರಿ ಟ್ಯಾಬ್‌ಗೆ ಹೋಗಿ. ಆ ಪದಕ್ಕೆ ಕ್ಲೋಸ್ಡ್ ಬದಲು ರಿವ್ಯೂ ಕೊಡಿ. ಕೋಡ್ ಇಡುವ ಗಿಟ್‌ಹಬ್ ತಾಣದಲ್ಲೂ ಹೀಗೇ. ಪುಲ್ ರಿಕ್ವೆಸ್ಟ್‌ನಲ್ಲಿ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) "ಕ್ಲೋಸಸ್" ಅಂತ ನಂಬರ್ ಜೊತೆ ಬರೆದರೆ, ಮುಖ್ಯ ಬ್ರಾಂಚ್‌ಗೆ ಮರ್ಜ್ ಆದ ತಕ್ಷಣ ಇಶ್ಯೂ (ಅಲ್ಲಿನ ಟಿಕೆಟ್) ಮುಚ್ಚಿಹೋಗುತ್ತದೆ.

ಸರ್ವರ್‌ಸ್ವಾಮಿ
ಇದು ಈ ಥ್ರೆಡ್‌ನಲ್ಲಿ ಬಂದ ಅತ್ಯಂತ ಬೆಲೆಯ ಮಾತು ಗೌಡರೇ.

ಜಿರಾಜೀವಿ
ಗಿಟ್‌ಹಬ್ ಬಂದಿದ್ದರಿಂದ ಕೇಳುತ್ತೇನೆ. ಪೇಡಾನಗರಿ ಸರ್, ನಿಮ್ಮಲ್ಲಿ ಕೋಡ್ ರಿವ್ಯೂ ಬೇರೆ ನಡೆಯುತ್ತದಾ? ನಡೆಯುತ್ತಿದ್ದರೆ ಒಂದೇ ವಿಷಯಕ್ಕೆ ಎರಡು ಸಲ ಬಟನ್ ಒತ್ತಿಸಬೇಡಿ. ಕೋಡ್ ಚೆನ್ನಾಗಿದೆಯಾ ಅನ್ನುವುದು ಅಲ್ಲಿ ಮುಗಿಯಲಿ. ಕೇಳಿದ ಕೆಲಸ ಆಗಿದೆಯಾ ಅನ್ನುವುದು ಟಿಕೆಟ್‌ನಲ್ಲಿ. ಎರಡನ್ನೂ ಒಬ್ಬರೇ ನೋಡಬೇಕು ಅಂತಲೂ ಇಲ್ಲ.

ಪೇಡಾನಗರಿ
ಗಿಟ್‌ಹಬ್‌ನಂಥದ್ದೇ ಆದ ಗಿಟ್‌ಲ್ಯಾಬ್‌ನಲ್ಲಿ ನಡೆಯುತ್ತದೆ, ಉಚಿತ ಆವೃತ್ತಿ. ಅಪ್ರೂವ್ ಬಟನ್ ಇದೆ, ಆದರೆ ಕಡ್ಡಾಯ ಮಾಡುವುದಕ್ಕೆ ದುಡ್ಡಿನ ಪ್ಲಾನ್ ಬೇಕಂತೆ. ಆದ್ದರಿಂದಲೇ ರೆಡ್‌ಮೈನ್ ಕಡೆಯಿಂದ ಬಿಗಿ ಮಾಡಬೇಕು ಅಂತ ಹೊರಟಿದ್ದು.

ಇಲ್ಲಿಯವರೆಗೆ ಟೆಸ್ಟ್ ಸರ್ವರ್‌ನಲ್ಲಿ ಮಾಡಿದ್ದು ಹೀಗಿದೆ. ಡೆವಲಪರ್‌ಗೆ ಕ್ಲೋಸ್ಡ್ ಕಾಲಂ ಪೂರ್ತಿ ಖಾಲಿ. ರಿವ್ಯೂವರ್ ರೋಲ್ ಮೂವರಿಗೆ. "ಚೆಕ್ ಮಾಡುವುದು ಹೇಗೆ", "ಕೆಲಸ ಮಾಡಿದವರು" ಎರಡೂ ಕಡ್ಡಾಯ. ಸಣ್ಣ ಬದಲಾವಣೆಗೆ ಬೇರೆ ಟ್ರ್ಯಾಕರ್, ಅದರಲ್ಲಿ ಟಿಕೆಟ್ ಬರೆಯುವುದು ರಿವ್ಯೂವರ್‌ಗಳು ಮಾತ್ರ. ಕಮಿಟ್ ಪದ ರಿವ್ಯೂಗೆ ಬದಲಾಯಿಸಿದೆ. ಗೌಡರು ಹೇಳಿದ್ದು ನಿಜ, ನಮ್ಮಲ್ಲಿ ಅದು ಕ್ಲೋಸ್ಡ್‌ಗೆ ಇತ್ತು!

ಒಂದು ಅನುಮಾನ ಉಳಿದಿದೆ. ಹಳೇ ರಿಸಾಲ್ವ್ಡ್ ಸ್ಟೇಟಸ್ ಈಗ ಬೇಡ. ಅದರಲ್ಲಿ ನೂರಾರು ಹಳೇ ಟಿಕೆಟ್ ಕೂತಿವೆ. ಅಳಿಸಲು ಹೋದರೆ ರೆಡ್‌ಮೈನ್ ಬಿಡುತ್ತಿಲ್ಲ. ನಾನು ಮಾಡಿದ ಹೊಸ ಸ್ಟೇಟಸ್ ತೆಗೆದು, ರಿಸಾಲ್ವ್ಡ್ ಹೆಸರನ್ನೇ ರಿವ್ಯೂ ಅಂತ ಬದಲಾಯಿಸಿದರೆ ಸುಲಭ ಅಲ್ವಾ?

ಸರ್ವರ್‌ಸ್ವಾಮಿ
ದಯವಿಟ್ಟು ಬೇಡ. ರೆಡ್‌ಮೈನ್ ಹಿಸ್ಟರಿಯಲ್ಲಿ ಸ್ಟೇಟಸ್ ಹೆಸರು ಇಡುವುದಿಲ್ಲ, ನಂಬರ್ ಇಡುತ್ತದೆ. ಹೆಸರು ಬದಲಾಯಿಸಿದರೆ ಹಿಂದಿನ ಎಲ್ಲ ಟಿಕೆಟ್‌ಗಳ ಹಿಸ್ಟರಿಯಲ್ಲೂ "ರಿವ್ಯೂಗೆ ಹೋಯಿತು" ಅಂತ ತೋರಿಸುತ್ತದೆ. ಯಾರೂ ನೋಡದ ಕೆಲಸ ನೋಡಿದ ಹಾಗೆ ಕಾಣುತ್ತದೆ. ನಿಮ್ಮ ಆಡಿಟರ್ ಅದನ್ನು ನಂಬಿಬಿಟ್ಟರೆ ಇನ್ನೂ ಕಷ್ಟ.

ರಿಸಾಲ್ವ್ಡ್ ಇರಲಿ ಬಿಡಿ. ಅದರೊಳಗೆ ಹೋಗುವ ಟಿಕ್‌ಗಳನ್ನು ಎಲ್ಲ ರೋಲ್‌ನಿಂದ ತೆಗೆಯಿರಿ, ಹೊರಗೆ ಬರುವ ದಾರಿ ಮಾತ್ರ ರಿವ್ಯೂವರ್‌ಗೆ ಇಡಿ. ಹೊಸ ಟಿಕೆಟ್ ಅಲ್ಲಿಗೆ ಹೋಗುವುದಿಲ್ಲ. ಹಳೆಯವು ಬೇಕಾದಾಗ ಹೊರಗೆ ಬರುತ್ತವೆ.

ಚೆಕರ್_ಅಕ್ಕ
ಗ್ರಾಹಕರಿಗೂ ಅದನ್ನೇ ಹೇಳಿ. ಇಂಥ ದಿನಾಂಕದಿಂದ ಈ ಪದ್ಧತಿ ಶುರು, ಅದಕ್ಕೆ ಮುಂಚಿನವಕ್ಕೆ ಇಲ್ಲ ಅಂತ ಒಂದು ಪತ್ರ ಕೊಡಿ. ಆಡಿಟರ್‌ಗಳು ದಿನಾಂಕ ಇರುವ ಪತ್ರವನ್ನು ಒಪ್ಪುತ್ತಾರೆ. ಅವರು ಕೇಳಿದ ಆ ಬಡ್ಡಿ ಲೆಕ್ಕದ ಟಿಕೆಟ್ ಒಂದನ್ನು ಮಾತ್ರ ಈಗಲೇ ತೆರೆದು, ಹೊಸ ದಾರಿಯಲ್ಲಿ ಇನ್ನೊಬ್ಬರಿಂದ ಚೆಕ್ ಮಾಡಿಸಿ.

ಪೇಡಾನಗರಿ
ಸರಿ, ಹೆಸರು ಮುಟ್ಟುವುದಿಲ್ಲ. ಪತ್ರದ ಐಡಿಯಾ ಚೆನ್ನಾಗಿದೆ ಅಕ್ಕ. ಸೋಮವಾರ ಬೆಳಗ್ಗೆ ನಿಜವಾದ ಸರ್ವರ್‌ನಲ್ಲಿ ಹಾಕುತ್ತೇನೆ.

ಸರ್ವರ್‌ಸ್ವಾಮಿ
ಹಾಕುವ ಮುಂಚೆ ಡೇಟಾಬೇಸ್ ಬ್ಯಾಕಪ್ ತೆಗೆಯಿರಿ. ವರ್ಕ್‌ಫ್ಲೋ ಪುಟದಲ್ಲಿ ಅನ್‌ಡೂ ಇಲ್ಲ. ಕಾಪಿ ಮಾಡುವಾಗ ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಎರಡು ಸಲ ಓದಿ ಒತ್ತಿ, ಅದು ಅಲ್ಲಿದ್ದ ಹಳೇ ಪಟ್ಟಿಯನ್ನು ಅಳಿಸಿ ಬರೆಯುತ್ತದೆ.